ಕೆಂಚನ ಆಟದ ಕೋಲು: ಹತ್ತು ವಾರಗಳ ಕೆಲಸದ ದಾಖಲೆ

ತಿಪಟೂರು, ಆಗಸ್ಟ್ 11, 2024

ಮನೆಯ ಬೆಕ್ಕಿನೊಡನೆ ದಿನಕ್ಕೆ ಎರಡು ಹೊತ್ತು ತಪ್ಪದೆ ಆಡಬೇಕು, ಆ ಆಟಕ್ಕೆ ಬೇಕಾದ ಸಾಮಾನನ್ನು ಆದಷ್ಟೂ ಕೈಯಿಂದಲೇ ಮಾಡಿಕೊಳ್ಳಬೇಕು, ಆದದ್ದನ್ನೆಲ್ಲ ಪುಸ್ತಕದಲ್ಲಿ ಬರೆದಿಡಬೇಕು ಎಂದು ಜೂನ್ 2ರಂದು ಹಿಡಿದ ಕೆಲಸಕ್ಕೆ ಇವತ್ತಿಗೆ ಹತ್ತು ವಾರವಾಯಿತು. ಆ ಪುಸ್ತಕದಲ್ಲಿದ್ದುದನ್ನು ಕ್ರಮವಾಗಿ ಇಲ್ಲಿ ಇಳಿಸಿದ್ದೇನೆ. ಸರಿಹೋದ ಕೆಲಸಗಳಿಗಿಂತ ಕೆಟ್ಟ ಕೆಲಸಗಳ ಬಗ್ಗೆ ಹೆಚ್ಚು ಬರೆದಿದ್ದೇನೆ. ಅವುಗಳಲ್ಲಿ ಒಂದು ಬೆಕ್ಕಿನ ಜೀವಕ್ಕೇ ಮುಳುವಾಗಬಹುದಿತ್ತು.

ಕೆಂಚ ನಾಲ್ಕು ವರ್ಷದ, ಕೆಂಪು ಪಟ್ಟೆಯ ಗಂಡು ಬೆಕ್ಕು. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ, ಲಸಿಕೆಗಳನ್ನು ಕಾಲಕಾಲಕ್ಕೆ ಹಾಕಿಸಿದ್ದೇವೆ. ಕಳೆದ ಫೆಬ್ರವರಿಯವರೆಗೆ ಹಿತ್ತಲು, ಪಕ್ಕದ ತೆಂಗಿನ ತೋಟ, ಅದರಾಚೆಯ ಬೇಲಿಸಾಲು ಎಲ್ಲವೂ ಅವನದೇ ಆಗಿದ್ದವು. ಮುಂದಿನ ರಸ್ತೆ ಅಗಲವಾಗಿ ಲಾರಿಗಳ ಓಡಾಟ ಹೆಚ್ಚಿದ ಮೇಲೆ ಒಂದು ಸಂಜೆ ಹಿಂಗಾಲನ್ನು ಎಳೆದುಕೊಂಡು ಮನೆಗೆ ಬಂದ. ಮೂಳೆ ಮುರಿದಿರಲಿಲ್ಲ, ಮೂರು ವಾರದಲ್ಲಿ ಕಾಲು ವಾಸಿಯಾಯಿತು. ಆದರೆ ಅಂದಿನಿಂದ ಅವನನ್ನು ನಾವು ಹೊರಗೆ ಬಿಡಲಿಲ್ಲ. ಹೊರಗಿನ ಅಪಾಯವನ್ನು ತಪ್ಪಿಸಿದೆವು ಎಂದು ನೆಮ್ಮದಿಯಿಂದ ಇದ್ದೆವೇ ಹೊರತು, ಅವನ ಇಡೀ ದಿನದ ಉದ್ಯೋಗವನ್ನು ಕಿತ್ತುಕೊಂಡು ಅದಕ್ಕೆ ಬದಲಾಗಿ ಏನನ್ನೂ ಕೊಟ್ಟಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

ಏಪ್ರಿಲ್ ಹೊತ್ತಿಗೆ ಅವನು ಮೈ ಬೆಳೆಸಿಕೊಂಡಿದ್ದ. ನಸುಕಿನಲ್ಲಿ ಎದ್ದು, ನಡೆದಾಡುವವರ ಪಾದಕ್ಕೆ ಬಾಗಿಲ ಸಂದಿಯಿಂದ ಹಾರಿ ಕಚ್ಚುವುದನ್ನು ಶುರುಮಾಡಿದ್ದ. ಮೇ ಕೊನೆಯ ವಾರದಲ್ಲಿ ಅಮ್ಮನ ಹಿಮ್ಮಡಿಯ ಮೇಲೆ ಎರಡು ಹಲ್ಲು ಆಳವಾಗಿ ಊರಿದವು. ಅಮ್ಮನಿಗೆ 71 ವರ್ಷ, ಸಕ್ಕರೆ ಕಾಯಿಲೆ ಇದೆ. ಗಾಯವನ್ನು ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರೇಬೀಸ್ ಲಸಿಕೆಯನ್ನು ಆರಂಭಿಸಿದೆವು. ಗಾಯ ಒಣಗಲು ಹನ್ನೆರಡು ದಿನ ಹಿಡಿಯಿತು. "ಅದನ್ನು ತೋಟದ ಮನೆಗೆ ಬಿಟ್ಟು ಬಾಪ್ಪ, ನನ್ನ ಕೈಲಾಗಲ್ಲ" ಎಂದು ಅಮ್ಮ ಹೇಳಿದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಹತ್ತು ವಾರದ ಗಡುವು ಕೇಳಿದೆ.

ಜೂನ್ 2ರಿಂದ 4: ಮೊದಲ ಲೆಕ್ಕ

ಕೆಂಚನನ್ನು ಪಶುವೈದ್ಯರಿಗೆ ತೋರಿಸಿದೆ. ನೋವಿದ್ದರೂ ಬೆಕ್ಕು ಕಚ್ಚುತ್ತದೆಯಾದ್ದರಿಂದ ಅವರು ಮೊದಲು ಹಲ್ಲು, ಕೀಲು, ಹೊಟ್ಟೆಗಳನ್ನು ಪರೀಕ್ಷಿಸಿ, ಕಾಯಿಲೆಯಿಲ್ಲ ಎಂದು ಖಚಿತಪಡಿಸಿಕೊಂಡರು. ಅನಂತರ ಒಂದೇ ಪ್ರಶ್ನೆ ಕೇಳಿದರು: "ಮರಿಯಾಗಿದ್ದಾಗ ಇದನ್ನು ಏನು ಹಿಡಿದು ಆಡಿಸುತ್ತಿದ್ದಿರಿ?" ನಾವು ಬರಿ ಕೈಬೆರಳನ್ನೇ ಆಡಿಸುತ್ತಿದ್ದೆವು, ಹೊದಿಕೆಯೊಳಗೆ ಕಾಲ್ಬೆರಳನ್ನು ಅಲ್ಲಾಡಿಸಿ, ಅವನು ಹಾರಿ ಹಿಡಿದಾಗ ಮನೆಮಂದಿಯೆಲ್ಲ ನಗುತ್ತಿದ್ದೆವು. ಮನುಷ್ಯರ ಕೈಕಾಲುಗಳೇ ಬೇಟೆಯೆಂದು ಎರಡು ತಿಂಗಳ ಮರಿಗೆ ಕಲಿಸಿದವರು ನಾವು. ಇದು ಈ ದಾಖಲೆಯ ಮೊದಲನೆಯ ತಪ್ಪು, ಮತ್ತು ಅತ್ಯಂತ ಹಳೆಯ ತಪ್ಪು.

ಮೂರು ದಿನ ಏನನ್ನೂ ಬದಲಿಸದೆ ಸುಮ್ಮನೆ ಬರೆದುಕೊಂಡೆ. ಕೆಂಚನ ಚುರುಕಿನ ಹೊತ್ತು ಎರಡೇ: ನಸುಕಿನ 4.20ರಿಂದ 6 ಗಂಟೆ, ಸಂಜೆ 6.30ರಿಂದ 8 ಗಂಟೆ. ಬೆಕ್ಕಿನ ಹುಟ್ಟುಗುಣವೇ ಮುಂಜಾವು ಮುಸ್ಸಂಜೆಗಳಲ್ಲಿ ಬೇಟೆಗೆ ಹೊರಡುವುದಾದ್ದರಿಂದ ಇದು ಸಹಜ. ಮೂರು ದಿನದಲ್ಲಿ ಏಳು ಸಲ ಕಾಲಿಗೆ ಹಾರಿದ. ಏಳೂ ಈ ಎರಡು ಹೊತ್ತಿನಲ್ಲೇ ನಡೆದವು.

ತೂಕ ನೋಡಲು ಮೊದಲು ಅವನನ್ನು ಎತ್ತಿಕೊಂಡು ಮನುಷ್ಯರ ತೂಕದ ಯಂತ್ರದ ಮೇಲೆ ನಿಂತೆ. ಮೂರು ಸಲ ನಿಂತರೆ ಮೂರು ಬಗೆಯ ಅಂಕಿ ಬಂತು, ಅರ್ಧ ಕೆ.ಜಿ.ಯ ವ್ಯತ್ಯಾಸ. ಆಮೇಲೆ 450 ರೂಪಾಯಿಗೆ ಕೊಕ್ಕೆಯ ಡಿಜಿಟಲ್ ತಕ್ಕಡಿ ತಂದು, ಮುಚ್ಚಳವಿರುವ ಬುಟ್ಟಿಯಲ್ಲಿ ಅವನನ್ನು ಕೂರಿಸಿ ತೂಗುಹಾಕಿ, ಬುಟ್ಟಿಯ ತೂಕವನ್ನು ಕಳೆದೆ: 5.6 ಕೆ.ಜಿ. ಫೆಬ್ರವರಿಯಲ್ಲಿ ವೈದ್ಯರ ಚೀಟಿಯಲ್ಲಿದ್ದದ್ದು 4.7. ಊಟವನ್ನೂ ಅಳೆದೆ. ಒಣ ಆಹಾರದ ಬಟ್ಟಲು ಸದಾ ತುಂಬಿರುತ್ತಿತ್ತು, ದಿನಕ್ಕೆ ಸುಮಾರು 80 ಗ್ರಾಂ ಖಾಲಿಯಾಗುತ್ತಿತ್ತು. ವೈದ್ಯರು ಅದನ್ನು 60ಕ್ಕೆ ಇಳಿಸಲು ಹೇಳಿದರು, ಆದರೆ ಏಕಾಏಕಿ ಅಲ್ಲ. ದಪ್ಪಗಿರುವ ಬೆಕ್ಕು ಎರಡು ಮೂರು ದಿನ ಊಟ ಬಿಟ್ಟರೆ ಅದರ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಕ್ಕೇ ಸಂಚಕಾರ ಬರುತ್ತದೆ; ವಾರಕ್ಕೆ ನೂರಕ್ಕೆ ಒಂದೆರಡು ಪಾಲಿಗಿಂತ ಹೆಚ್ಚು ತೂಕ ಇಳಿಯಬಾರದು ಎಂದು ಎಚ್ಚರಿಸಿದರು.

ಜೂನ್ 5: ಮೊದಲ ಕೋಲು

ಹಿತ್ತಲಿನ ಬಿದಿರಿನ ಮೆಳೆಯಿಂದ 60 ಸೆಂ.ಮೀ. ಉದ್ದದ ಹಸಿ ಕಡ್ಡಿ, ಅದಕ್ಕೆ 40 ಸೆಂ.ಮೀ. ಉಲ್ಲನ್ ದಾರ, ದಾರದ ತುದಿಗೆ ಪಕ್ಕದ ಮನೆಯ ಕೋಳಿಯ ಎರಡು ಗರಿ, ಗರಿಯ ಬುಡಕ್ಕೆ ಹೊಲಿಗೆ ದಾರದ ಸುತ್ತು. ಖರ್ಚು ಸೊನ್ನೆ, ಸಮಯ ಇಪ್ಪತ್ತು ನಿಮಿಷ.

ಮೂರು ಕಡೆ ಕೆಟ್ಟಿತು. ಕೋಲು ಗಿಡ್ಡವಾದ್ದರಿಂದ ಕೆಂಚ ಗರಿಗೆ ಹಾರಿದಾಗ ನನ್ನ ಮುಂಗೈಯೂ ಅವನ ಉಗುರಿನ ಅಳತೆಯೊಳಗೇ ಇತ್ತು. ಹಸಿ ಬಿದಿರು ಎರಡೇ ದಿನದಲ್ಲಿ ಸೀಳಿ ಸಿಬಿರು ಎದ್ದಿತು. ಮೂರನೆಯದು ಸಾಮಾನಿನ ತಪ್ಪಲ್ಲ, ನನ್ನದು: ಗರಿಯನ್ನು ಅವನ ಮೂಗಿನ ಮುಂದೆಯೇ ಕುಣಿಸುತ್ತಿದ್ದೆ. ಅವನು ತಲೆಯನ್ನು ಹಿಂದಕ್ಕೆ ಎಳೆದುಕೊಂಡು, ಕಣ್ಣು ಕಿರಿದು ಮಾಡಿಕೊಂಡು, ಎದ್ದು ಹೋಗುತ್ತಿದ್ದ. ಬೆಕ್ಕಿಗೆ ಒಂದು ಅಡಿಗಿಂತ ಹತ್ತಿರದ ವಸ್ತು ಸ್ಪಷ್ಟವಾಗಿ ಕಾಣುವುದಿಲ್ಲ. ಅಲ್ಲದೆ ಯಾವ ಇಲಿಯೂ ಬೆಕ್ಕಿನ ಮುಖಕ್ಕೆ ತಾನಾಗಿ ಬಂದು ಬಡಿಯುವುದಿಲ್ಲ, ಬೆಕ್ಕಿನಿಂದ ದೂರಕ್ಕೆ ಓಡುತ್ತದೆ.

ಜೂನ್ 8ರಂದು ಗರಿಯನ್ನು ನೆಲದ ಮೇಲೆ ಅವನಿಂದ ಆಚೆಗೆ ಎಳೆದು, ಕಂಬದ ಹಿಂದೆ ಮರೆಮಾಡಿ, ಐದಾರು ಕ್ಷಣ ಹಾಗೇ ನಿಲ್ಲಿಸಿದೆ. ಕೆಂಚ ಹೊಟ್ಟೆಯನ್ನು ನೆಲಕ್ಕೆ ಒತ್ತಿ, ಕಣ್ಣಿನ ಪಾಪೆ ಅಗಲವಾಗಿ, ಬಾಲದ ತುದಿಯನ್ನು ಮಾತ್ರ ಆಡಿಸುತ್ತ ಕುಳಿತ. ಒಂದು ನಿಮಿಷವಾದರೂ ಹಾರಲಿಲ್ಲ. ಅವನಿಗೆ ಆಸಕ್ತಿಯಿಲ್ಲವೆಂದು ನಾನು ಕೋಲನ್ನು ಎತ್ತಿಟ್ಟುಬಿಟ್ಟೆ. ಇದನ್ನು ಕೇಳಿದ ವೈದ್ಯರು, "ಹೊಂಚು ಹಾಕಿ ಕೂರುವುದೂ ಆಟವೇ, ಸರ್, ನೀವು ಅವನನ್ನು ಬೇಟೆಯ ನಡುವೆ ಎಬ್ಬಿಸಿದ್ದೀರಿ" ಎಂದರು. ಆ ವಾರದ ನಾಲ್ಕು ಆಟಗಳು ಹೀಗೆ ನನ್ನ ಅವಸರದಿಂದ ಹಾಳಾದವು. ಮೊದಲ ವಾರ ಕಾಲಿಗೆ ಹಾರಿದ್ದು 16 ಸಲ.

ಜೂನ್ 12ರಿಂದ 14: ದಾರ ನುಂಗಿದ್ದು

ಈ ಭಾಗವನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ. ಹನ್ನೊಂದನೆಯ ತಾರೀಖಿನ ರಾತ್ರಿ ಆಟ ಮುಗಿಸಿ ಕೋಲನ್ನು ಕುರ್ಚಿಯ ಮೇಲೆ ಹಾಗೇ ಬಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಗರಿ ನೆಲದಲ್ಲಿ ಬಿದ್ದಿತ್ತು, ಅದಕ್ಕೆ ಸುತ್ತಿದ್ದ ಹೊಲಿಗೆ ದಾರ ಇರಲಿಲ್ಲ. ಸುತ್ತು ಬಿಚ್ಚಿ ಅಳೆದರೆ ಎಷ್ಟಿರಬಹುದೆಂದು ಅದೇ ರೀಲಿನಿಂದ ಮತ್ತೊಮ್ಮೆ ಸುತ್ತಿ ನೋಡಿದೆ. ಸುಮಾರು 20 ಸೆಂ.ಮೀ. ಬಂತು.

ಬೆಕ್ಕಿನ ನಾಲಿಗೆಯ ಮುಳ್ಳುಗಳು ಗಂಟಲ ಕಡೆಗೆ ಬಾಗಿರುತ್ತವೆ. ಬಾಯಿಗೆ ಸಿಕ್ಕ ದಾರವನ್ನು ಅದು ಸುಲಭವಾಗಿ ಉಗುಳಲಾರದು. ನುಂಗಿದ ದಾರದ ಒಂದು ತುದಿ ನಾಲಿಗೆಯ ಬುಡದಲ್ಲೋ ಜಠರದ ಬಾಯಲ್ಲೋ ಸಿಕ್ಕಿಕೊಂಡರೆ, ಉಳಿದ ಭಾಗವನ್ನು ಕರುಳು ಮುಂದಕ್ಕೆ ತಳ್ಳುತ್ತ ಹೋಗಿ, ಲಾಡಿ ಎಳೆದ ಪೈಜಾಮದಂತೆ ತಾನೇ ನೆರಿಗೆಗಟ್ಟಿಕೊಂಡು, ಕೊನೆಗೆ ದಾರವೇ ಕರುಳನ್ನು ಕೊಯ್ಯುತ್ತದೆ. ವೈದ್ಯರು ಫೋನಿನಲ್ಲಿ ಹೇಳಿದ ಮೊದಲ ಮಾತು, ದಾರ ಬಾಯಲ್ಲಾಗಲಿ ಮಲದ್ವಾರದಲ್ಲಾಗಲಿ ಕಂಡರೆ ಯಾವ ಕಾರಣಕ್ಕೂ ಎಳೆಯಕೂಡದು ಎಂಬುದು. ನಾಲಿಗೆಯ ಕೆಳಗೆ ನೋಡಿದೆವು, ಏನೂ ಕಾಣಲಿಲ್ಲ. ಎಕ್ಸ್‌ರೇಗಾಗಿ ಬಾಡಿಗೆ ಕಾರಿನಲ್ಲಿ ತುಮಕೂರಿಗೆ ಹೊರಟೆವು. ಬರಿಯ ದಾರ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಕರುಳು ನೆರಿಗೆಗಟ್ಟಿದೆಯೇ, ಗಾಳಿ ತುಂಡುತುಂಡಾಗಿ ನಿಂತಿದೆಯೇ ಎಂಬುದನ್ನು ನೋಡುತ್ತಾರೆ. ನೆರಿಗೆ ಇರಲಿಲ್ಲ. ಎರಡು ದಿನ ಊಟ, ವಾಂತಿ, ಮಲ ಮೂರರ ಮೇಲೂ ಕಣ್ಣಿಟ್ಟಿರಬೇಕು, ಒಂದು ವಾಂತಿಯಾದರೂ ಕರೆತರಬೇಕು, ಶಸ್ತ್ರಚಿಕಿತ್ಸೆಗೆ ಸಿದ್ಧರಿರಬೇಕು ಎಂದು ಹೇಳಿ ಕಳುಹಿಸಿದರು.

ಆ ಎರಡು ರಾತ್ರಿ ಮಗಳೂ ನಾನೂ ಸರದಿಯಲ್ಲಿ ಎಚ್ಚರವಿದ್ದೆವು. ಹದಿನಾಲ್ಕರ ಬೆಳಿಗ್ಗೆ ಮಲದೊಡನೆ ದಾರ ಹೊರಗೆ ಬಿದ್ದಿತ್ತು. ಅಳೆದೆ: 19 ಸೆಂ.ಮೀ. ಕಾರಿಗೆ 2,200, ಎಕ್ಸ್‌ರೇ ಮತ್ತು ಶುಲ್ಕ ಸೇರಿ 950, ಒಟ್ಟು 3,150 ರೂಪಾಯಿ.

ಅಂದೇ ಮನೆಯಲ್ಲಿ ಎರಡು ಬದಲಾವಣೆ ಮಾಡಿದೆವು. ಆಟದ ಸಾಮಾನೆಲ್ಲ ಆಟ ಮುಗಿದ ಕ್ಷಣದಲ್ಲೇ ಕೊಕ್ಕೆಯ ಬಾಗಿಲಿರುವ ಗೋಡೆಬೀರುವಿಗೆ ಹೋಗಬೇಕು. ಹೊಲಿಗೆ ದಾರ, ರಬ್ಬರ್ ಬ್ಯಾಂಡು, ಹೂ ಕಟ್ಟುವ ನೂಲು, ಅಮ್ಮನ ಹೂಬತ್ತಿಯ ಹತ್ತಿ ಎಲ್ಲವೂ ಮುಚ್ಚಳದ ಡಬ್ಬಿಯಲ್ಲಿರಬೇಕು. ಇದಕ್ಕೆ ಬೇಕಾದದ್ದು ಹತ್ತು ನಿಮಿಷ. ಅದನ್ನು ಮೊದಲ ದಿನವೇ ಮಾಡಬೇಕಿತ್ತು.

ಜೂನ್ 16ರಿಂದ 22: ಎರಡನೆಯ ಮತ್ತು ಮೂರನೆಯ ಕೋಲು

ಎರಡನೆಯ ಕೋಲಿಗೆ ವೈರಿಂಗ್ ಮಾಡುವವರ 19 ಮಿ.ಮೀ. ಪಿವಿಸಿ ಪೈಪನ್ನು 1.2 ಮೀಟರಿಗೆ ಕತ್ತರಿಸಿಕೊಂಡೆ, 65 ರೂಪಾಯಿ. ಉದ್ದವೇನೋ ಸರಿಯಿತ್ತು, ಆದರೆ ಪೈಪು ಬಾಗುವುದಿಲ್ಲ, ಐದು ನಿಮಿಷಕ್ಕೆ ಮಣಿಕಟ್ಟು ನೋಯುತ್ತದೆ, ತುದಿ ನೆಲಕ್ಕೆ ತಾಗಿದರೆ ಠಣ್ಣೆನ್ನುತ್ತದೆ. ಕೆಂಚ ಎರಡು ಸಲ ಆ ಸದ್ದಿಗೆ ಬೆಚ್ಚಿ ಮಂಚದ ಕೆಳಗೆ ಹೋದ. ಕೈಬಿಟ್ಟೆ.

ಮೂರನೆಯದು ಇಂದಿಗೂ ಉಳಿದಿರುವ ಕೋಲು. ಸೌದೆಮನೆಯಲ್ಲಿ ವರ್ಷದಿಂದ ಒಣಗಿದ್ದ ಬಿದಿರಿನಲ್ಲಿ ಬುಡ 12 ಮಿ.ಮೀ., ತುದಿ 6 ಮಿ.ಮೀ. ಇರುವಂಥದನ್ನು ಆರಿಸಿ 105 ಸೆಂ.ಮೀ.ಗೆ ಕತ್ತರಿಸಿದೆ. ಗಿಣ್ಣುಗಳನ್ನು ಚಾಕುವಿನಿಂದ ಹೆರೆದು, 80ರ ಮತ್ತು 180ರ ಉಪ್ಪುಕಾಗದದಿಂದ ಸಿಬಿರಿಲ್ಲದಂತೆ ಉಜ್ಜಿದೆ. ಬುಡಕ್ಕೆ ಸೈಕಲ್ ಹ್ಯಾಂಡಲಿನ ರಬ್ಬರ್ ಹಿಡಿ ತೊಡಿಸಿದೆ, 40 ರೂಪಾಯಿ. ದಾರದ ಬದಲು 6 ಮಿ.ಮೀ. ಅಗಲದ, ಹೆಣೆದ ಹತ್ತಿಯ ಲಾಡಿ, 110 ಸೆಂ.ಮೀ. ತುದಿಯಿಂದ ಮೂರು ಸೆಂ.ಮೀ. ಕೆಳಗೆ ಕೊರೆದ ತೂತಿನಲ್ಲಿ ಲಾಡಿಯನ್ನು ಹಾಯಿಸಿ ಗಂಟು ಹಾಕಿದ್ದೇನೆ. ಇನ್ನೊಂದು ತುದಿಯಲ್ಲಿ ಹಳೆಯ ಕೀಲಿಗೊಂಚಲಿನ ತಿರುಗುವ ಕೊಂಡಿ. ಕೊಂಡಿ ಇದ್ದರೆ ಲಾಡಿ ಮುರಿಗಟ್ಟುವುದಿಲ್ಲ, 'ಬೇಟೆ'ಯನ್ನು ಬದಲಿಸುವುದೂ ಸುಲಭ. ಲಾಡಿ 30, ಉಪ್ಪುಕಾಗದ 20. ಕೋಲಿಗೆ ಒಟ್ಟು 90 ರೂಪಾಯಿ.

ಬೇಟೆಗೆ ಗರಿಯನ್ನು ಬಿಟ್ಟು ಹಳೆಯ ಜೀನ್ಸ್ ಬಟ್ಟೆಯ ಎರಡು ಸೆಂ.ಮೀ. ಅಗಲದ ನಾಲ್ಕು ಪಟ್ಟಿಗಳನ್ನು ಒಂಬತ್ತು ಸೆಂ.ಮೀ. ಉದ್ದಕ್ಕೆ ಗಂಟುಕಟ್ಟಿದೆ. ಅದರೊಳಗೆ ಅಡಿಕೆ ಹಾಳೆಯ ಒಂದು ತುಂಡನ್ನು, ಅಂಚು ಉಜ್ಜಿ, ಮಡಚಿ ಇಟ್ಟೆ. ನೆಲದ ಮೇಲೆ ಎಳೆದರೆ ಒಣಗಿದ ಎಲೆಯ ಮೇಲೆ ಇಲಿ ಹರಿದ ಸದ್ದೇ ಬರುತ್ತದೆ. ಜೂನ್ 20ರ ಸಂಜೆ ಆ ಸದ್ದು ಕೇಳಿದ್ದೇ ತಡ, ಅಡುಗೆಮನೆಯಲ್ಲಿ ಮಲಗಿದ್ದ ಕೆಂಚ ಎದ್ದು ಬಂದು ನಡುಮನೆಯ ಹೊಸ್ತಿಲಲ್ಲಿ ಕಿವಿ ನಿಮಿರಿಸಿ ನಿಂತ. ಫೆಬ್ರವರಿಯ ಅನಂತರ ಅವನ ಆ ನಿಲುವನ್ನು ನೋಡಿರಲಿಲ್ಲ. ನನಗೆ ಗಂಟಲು ಕಟ್ಟಿತು.

ಅಂದೇ ಮತ್ತೊಂದು ತೊಡಕು ಕಂಡಿತು. ನಮ್ಮದು ರೆಡ್ ಆಕ್ಸೈಡ್ ನೆಲ, ಕನ್ನಡಿಯಂತೆ ನುಣುಪು. ತಿರುವಿನಲ್ಲಿ ಅವನ ಹಿಂಗಾಲು ಜಾರಿ, ಮೊದಲೇ ಪೆಟ್ಟು ತಿಂದಿದ್ದ ಕಡೆಗೇ ಬಿದ್ದ. ಆಟ ನಿಲ್ಲಿಸಿದೆ. ಮರುದಿನ ಆರು ಅಡಿ ನಾಲ್ಕು ಅಡಿಯ ಹಳೆಯ ಜಮಖಾನದ ಹಿಂಬದಿಗೆ ಸೈಕಲ್ ಟ್ಯೂಬಿನ ಎಂಟು ಪಟ್ಟಿಗಳನ್ನು ಫೆವಿಬಾಂಡಿನಿಂದ ಅಂಟಿಸಿ ಒಂದಿಡೀ ದಿನ ಒಣಗಲು ಬಿಟ್ಟೆ, 60 ರೂಪಾಯಿ. ಅಂದಿನಿಂದ ಓಟವೆಲ್ಲ ಜಮಖಾನದ ಮೇಲೆಯೇ.

ಆಟದ ಕ್ರಮ ನಿಂತದ್ದು ಹೀಗೆ: ಬೆಳಿಗ್ಗೆ 5.30, ಸಂಜೆ 7.30, ಪ್ರತಿ ಸಲ ಹತ್ತರಿಂದ ಹನ್ನೆರಡು ನಿಮಿಷ, ಮೂರು ಸುತ್ತು, ನಡುವೆ ಒಂದೊಂದು ನಿಮಿಷದ ಬಿಡುವು. ಬೆಕ್ಕು ನಾಯಿಯಂತೆ ಒಂದೇ ಸಮನೆ ಓಡುವ ಪ್ರಾಣಿಯಲ್ಲ. ಬಾಯಿ ತೆರೆದು ಏದುಸಿರು ಬಿಟ್ಟರೆ ಮೇರೆ ಮೀರಿದೆ ಎಂದೇ ಅರ್ಥ. ಪ್ರತಿ ಸುತ್ತಿನಲ್ಲಿ ಎರಡು ಸಲವಾದರೂ ಬೇಟೆ ಅವನ ಹಿಡಿತಕ್ಕೆ ಸಿಗಲೇಬೇಕು, ಸಿಕ್ಕಾಗ ನಾನು ಲಾಡಿಯನ್ನು ಸಡಿಲ ಬಿಡಬೇಕು. ಕೊನೆಯ ಸುತ್ತಿನಲ್ಲಿ ಬೇಟೆಯ ಚಲನೆ ನಿಧಾನವಾಗುತ್ತ, ಗಾಯಗೊಂಡದ್ದು ಕುಂಟುವಂತೆ ಆಗಿ, ನಿಲ್ಲಬೇಕು. ಅವನು ಅದನ್ನು ಕಚ್ಚಿ ಹಿಂಗಾಲಿನಿಂದ ಒದ್ದು ತೃಪ್ತನಾದ ಮೇಲೆಯೇ ಊಟ: ಬೆಳಿಗ್ಗೆ 20 ಗ್ರಾಂ, ಮಧ್ಯಾಹ್ನ 15, ರಾತ್ರಿ 25. ತಿಂದು, ಮೈ ನೆಕ್ಕಿಕೊಂಡು, ಮಲಗುತ್ತಾನೆ. ಮೊದಲು ನಾನು ಊಟ ಹಾಕಿದ ಮೇಲೆ ಆಡಿಸುತ್ತಿದ್ದೆ. ಹೊಟ್ಟೆ ತುಂಬಿದ ಬೆಕ್ಕು ಎರಡು ನಿಮಿಷಕ್ಕೇ ಉರುಳಿಕೊಳ್ಳುತ್ತಿತ್ತು. ಊಟವನ್ನು ಆಟದ ಹಿಂದಕ್ಕೆ ಹಾಕಿದ್ದೊಂದರಿಂದಲೇ ಆಟ ಎರಡರಷ್ಟು ಹೊತ್ತು ಬೆಳೆಯಿತು.

ನಡುವೆ ದುಡ್ಡು ಕೊಟ್ಟು ತಂದ ಎರಡು ವಸ್ತುಗಳ ವಿಷಯವನ್ನೂ ಹೇಳಬೇಕು. 120 ರೂಪಾಯಿಯ ಲೇಸರ್ ಪೆನ್ನಿನ ಕೆಂಪು ಚುಕ್ಕೆಯ ಹಿಂದೆ ಕೆಂಚ ಹುಚ್ಚು ಹಿಡಿದಂತೆ ಓಡಿದ, ಆದರೆ ಪೆನ್ನು ಆರಿಸಿದ ಮೇಲೆ ಎರಡು ಗಂಟೆ ಅದೇ ಗೋಡೆಯ ಮುಂದೆ ಕುಳಿತು ಮೇಲೆ ಕೆಳಗೆ ಹುಡುಕುತ್ತಿದ್ದ. ಕೈಗೆ ಎಂದೂ ಸಿಗದ ಬೇಟೆಯನ್ನು ತೋರಿಸಿ ಅವನನ್ನು ಸಂಕಟಪಡಿಸಿದಂತಾಯಿತು. ಎರಡನೆಯ ಸಲ ಬಳಸಲಿಲ್ಲ. 499 ರೂಪಾಯಿಯ, ಚಾರ್ಜ್ ಮಾಡಿದರೆ ತಾನೇ ಬಡಿದುಕೊಳ್ಳುವ ಬಟ್ಟೆಯ ಮೀನನ್ನು ಅವನು ಮೊದಲ ದಿನ ಹೆದರಿದ, ಎರಡನೆಯ ದಿನ ಮೂಸಿದ, ಮೂರನೆಯ ದಿನ ತಿರುಗಿಯೂ ನೋಡಲಿಲ್ಲ. ಅದರ ಬಡಿತ ಎಂದೂ ಬದಲಾಗುವುದಿಲ್ಲ. ಬೆಕ್ಕು ನೋಡುತ್ತಿದೆಯೇ, ದಣಿದಿದೆಯೇ ಎಂಬುದು ಅದಕ್ಕೆ ತಿಳಿಯದು.

ಎರಡನೆಯ ವಾರ 15, ಮೂರನೆಯ ವಾರ 11, ನಾಲ್ಕನೆಯ ವಾರ 9 ಸಲ ಕಾಲಿಗೆ ಹಾರಿದ.

ಜೂನ್ 23ರಿಂದ ಜುಲೈ 6: ಪರಚುವ ಕಂಬ

ಆಟದ ಬಿಸಿಯಲ್ಲಿ ಕೆಂಚ ಓಡಿಹೋಗಿ ಬಾಗಿಲ ಚೌಕಟ್ಟನ್ನು ಪರಚುತ್ತಿದ್ದ. ಬೇಟೆಯಾಡುವ ಬೆಕ್ಕಿಗೆ ಉಗುರು ತೀಡಲು ಮರ ಬೇಕೇ ಬೇಕು; ಹಿತ್ತಲಿನ ನುಗ್ಗೆ ಮರವನ್ನು ನಾವೇ ತಪ್ಪಿಸಿದ್ದೆವು.

ಮೊದಲ ಕಂಬಕ್ಕೆ ತೆಂಗಿನ ನಾರಿನ ಹಗ್ಗ ಸುತ್ತಿದೆ. ನಾರಿಗೆ ನಮ್ಮೂರಲ್ಲಿ ಬರವಿಲ್ಲ. ಹಗ್ಗ, ಹಲಗೆ ತುಂಡು ಸೇರಿ 180 ರೂಪಾಯಿಗೆ ಮುಗಿಯಿತು. ಆದರೆ ನಾರು ಮುಳ್ಳಿನಂತೆ ಚುಚ್ಚುತ್ತಿತ್ತು, ಸಣ್ಣ ಎಳೆಗಳು ಉದುರುತ್ತಿದ್ದವು. ಅದಕ್ಕಿಂತ ದೊಡ್ಡ ತಪ್ಪು ತಳದ್ದು: 30 ಸೆಂ.ಮೀ. ಚೌಕದ ಹಗುರ ಹಲಗೆ. ಕೆಂಚ ಮುಂಗಾಲನ್ನು ಎತ್ತಿ ಮೇಲೆ ಇಟ್ಟನೋ ಇಲ್ಲವೋ, ಕಂಬ ಅವನ ಮೇಲೆಯೇ ಉರುಳಿತು. ಆರು ದಿನ ಅದರ ಮೂರು ಅಡಿ ಹತ್ತಿರಕ್ಕೂ ಬರಲಿಲ್ಲ. ಬೆಕ್ಕಿನ ನಂಬಿಕೆಯನ್ನು ಒಂದೇ ಸಲ ಕಳೆದುಕೊಂಡರೆ ಮರಳಿ ಪಡೆಯುವುದಕ್ಕೆ ಎಷ್ಟು ದಿನ ಬೇಕೆಂದು ಆಗ ತಿಳಿಯಿತು.

ಎರಡನೆಯದನ್ನು ಲೆಕ್ಕ ಹಾಕಿ ಮಾಡಿದೆ. 75 ಮಿ.ಮೀ. ಚೌಕದ ಸಿಲ್ವರ್ ಓಕ್ ಕಂಬ, ಎತ್ತರ 85 ಸೆಂ.ಮೀ.; ಹಿಂಗಾಲ ಮೇಲೆ ನಿಂತು ಮೈ ಪೂರ್ತಿ ಚಾಚಿದರೆ ಅವನ ಉಗುರು 78 ಸೆಂ.ಮೀ.ಗೆ ತಲುಪುತ್ತಿತ್ತು. ಅಂಗಡಿಯವರು ಸೈಸಲ್ ಎಂದು ಕರೆಯುವ ಕತ್ತಾಳೆ ಜಾತಿಯ ನಾರಿನ 8 ಮಿ.ಮೀ. ಹಗ್ಗವನ್ನು ಆರಿಸಿದೆ. ಒಂದು ಸುತ್ತಿಗೆ 30 ಸೆಂ.ಮೀ., 80 ಸೆಂ.ಮೀ. ಎತ್ತರಕ್ಕೆ ನೂರು ಸುತ್ತು, ಅಂದರೆ 30 ಮೀಟರ್. ಕೊನೆಗಳಿಗೆಂದು 32 ಮೀಟರ್ ತಂದೆ. ಕಂಬದ ಕೆಳಗೆ 50 ಸೆಂ.ಮೀ. ಚೌಕದ, 18 ಮಿ.ಮೀ. ಪ್ಲೈವುಡ್; ಅಡಿಯಿಂದ 75 ಮಿ.ಮೀ.ಯ ನಾಲ್ಕು ಸ್ಕ್ರೂ, ತಲೆಗಳು ಹಲಗೆಯೊಳಗೆ ಹುದುಗುವಂತೆ. ಅದರ ಕೆಳಗೆ 45 ಸೆಂ.ಮೀ. ಚೌಕದ ಕಡಪ ಕಲ್ಲನ್ನು ಅಂಟಿಸಿದೆ. ಕಲ್ಲೊಂದೇ ಸುಮಾರು 13 ಕೆ.ಜಿ. ತೂಗುತ್ತದೆ. ಹಗ್ಗಕ್ಕೆ ಮೊಳೆ ಹೊಡೆಯಲಿಲ್ಲ, ಸಡಿಲವಾದ ಮೊಳೆ ಬೆಕ್ಕಿನ ಪಾದಕ್ಕೆ ಅಪಾಯ. ಹತ್ತು ಸುತ್ತಿಗೊಮ್ಮೆ ಫೆವಿಕಾಲ್ ಹಚ್ಚಿ ಬಿಗಿದೆ, ಎರಡು ಕೊನೆಗಳನ್ನು ಕಂಬದಲ್ಲಿ ಕೊರೆದ ತೂತಿನೊಳಗೆ ಸೇರಿಸಿ ಬೆಣೆ ಬಡಿದೆ. ಮರ 350, ಪ್ಲೈವುಡ್ 280, ಹಗ್ಗ ಮೀಟರಿಗೆ 14ರಂತೆ 448, ಕಲ್ಲು 220, ಸ್ಕ್ರೂ ಮತ್ತು ಅಂಟು 110. ಒಟ್ಟು 1,408 ರೂಪಾಯಿ.

ಮಳೆಗಾಲವಾದ್ದರಿಂದ ಅಂಟು ಒಣಗಲು ಮೂರು ದಿನ ಹಿಡಿಯಿತು. ಕಂಬವನ್ನು ಮೊದಲು ಬಾಗಿಲ ಮೂಲೆಯಲ್ಲಿ, ನಮಗೆ ಅಡ್ಡವಾಗದಂತೆ ಇಟ್ಟೆ. ಕೆಂಚ ಕಣ್ಣೆತ್ತಿಯೂ ನೋಡಲಿಲ್ಲ. ಜುಲೈ 5ರಂದು ಅದನ್ನು ಜಮಖಾನದ ಪಕ್ಕಕ್ಕೆ, ನಡುಮನೆಯ ನಡುವಿಗೇ ತಂದು, ಕೋಲಿನ ಬೇಟೆಯನ್ನು ಕಂಬದ ಮೇಲಕ್ಕೆ ಹತ್ತಿಸಿದೆ. ಬೇಟೆಯನ್ನು ಹಿಡಿಯಲು ಹಾರಿದವನ ಉಗುರು ಹಗ್ಗಕ್ಕೆ ಸಿಕ್ಕಿತು. ಒಂದು ಕ್ಷಣ ನಿಂತ. ಆಮೇಲೆ ಬೇಟೆಯನ್ನು ಮರೆತು ಕಂಬವನ್ನು ಬಾಚಿಕೊಂಡು ಬರಬರನೆ ಎಳೆದ. ಚೌಕಟ್ಟಿನ ಮೇಲೆ ಹೊಸ ಗೀರು ಅಂದಿನಿಂದ ಬಿದ್ದಿಲ್ಲ. ಐದನೆಯ ವಾರದ ಲೆಕ್ಕ 5.

ಜುಲೈ 7ರಿಂದ 20: ಬೇಸರ ಮತ್ತು ಡಬ್ಬಿ

ಆರನೆಯ ವಾರ ಕೆಂಚ ಆಟದಲ್ಲಿ ಹಿಂದೆಗೆದ. ಕೋಲು ಹೊರಗೆ ಬಂದರೆ ಬರುತ್ತಾನೆ, ಎರಡು ಸಲ ಹಾರುತ್ತಾನೆ, ಕುಳಿತುಬಿಡುತ್ತಾನೆ. ಕಾಲಿಗೆ ಹಾರುವುದು 6ಕ್ಕೆ ಏರಿತು. ಕಾಯಿಲೆಯಿರಬಹುದೆಂದು ಹೆದರಿದೆ, ಊಟ, ಮಲ, ತೂಕ ಎಲ್ಲವೂ ಸರಿಯಿದ್ದವು. ಕಾರಣ ಬೇರೆ ಇತ್ತು. ಮೂರು ವಾರದಿಂದ ಅದೇ ಒಂದು ಜೀನ್ಸ್ ಗಂಟನ್ನೇ ಆಡಿಸುತ್ತಿದ್ದೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಜಾನ್ ಬ್ರಾಡ್‌ಶಾ ಮತ್ತು ಅವರ ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಕಂಡುಬಂದಿತ್ತು: ಒಂದೇ ಆಟಿಕೆಯನ್ನು ಮತ್ತೆ ಮತ್ತೆ ಕೊಟ್ಟರೆ ಬೆಕ್ಕಿನ ಆಟ ಬೇಗ ಕುಗ್ಗುತ್ತದೆ, ಆಟಿಕೆ ಬದಲಾದರೆ ಅದೇ ಬೆಕ್ಕು ಮತ್ತೆ ಹುರುಪಿನಿಂದ ಆಡುತ್ತದೆ. ಬೇಸತ್ತದ್ದು ಆಟದಿಂದಲ್ಲ, ಆ ವಸ್ತುವಿನಿಂದ.

ಐದು ಬೇಟೆಗಳನ್ನು ಮಾಡಿದೆ. ಜೀನ್ಸ್ ಗಂಟು ಒಂದು. ಹಳೆಯ ಕಾಲುಚೀಲದ ಉಂಡೆ ಒಂದು. ಹಾವಿನಂತೆ ಉದ್ದಕ್ಕೆ ಹೆಣೆದ ಬಟ್ಟೆ ಜಡೆ, 30 ಸೆಂ.ಮೀ.; ಗೋಣಿ ತಾಟಿನ ಚಿಕ್ಕ ಚೀಲದಲ್ಲಿ ಅಡಿಕೆ ಹಾಳೆ; ಚಪ್ಪಲಿ ಹೊಲಿಯುವವರು ಕೊಟ್ಟ ಮೆತ್ತನೆಯ ಚರ್ಮದ ಚೂರು, ರೆಕ್ಕೆಯ ಆಕಾರಕ್ಕೆ ಕತ್ತರಿಸಿದ್ದು. ಒಂದನ್ನು ಎರಡು ದಿನ ಬಳಸಿ ಡಬ್ಬಿಗೆ ಹಾಕಿದರೆ ಎಂಟು ದಿನ ಅದು ಹೊರಗೆ ಬರುವುದಿಲ್ಲ. ಆಡಿಸುವ ರೀತಿಯೂ ಬೇಟೆಗೆ ತಕ್ಕಂತೆ ಬೇರೆ: ಜಡೆ ಹೊದಿಕೆಯ ಕೆಳಗೆ ಹರಿಯುತ್ತದೆ, ಚರ್ಮದ ರೆಕ್ಕೆ ಗಾಳಿಯಲ್ಲಿ ಹಾರಿ ಕುರ್ಚಿಯ ಮೇಲೆ ಕೂರುತ್ತದೆ. ಕೆಂಚನಿಗೆ ಹಾರುವುದಕ್ಕಿಂತ ಹರಿಯುವುದೇ ಇಷ್ಟವೆಂಬುದು ನಾಲ್ಕು ವರ್ಷದಲ್ಲಿ ಮೊದಲ ಸಲ ನನಗೆ ಗೊತ್ತಾಯಿತು. ಏಳನೆಯ ವಾರ 3.

ಎದುರು ಮನೆಯವರು, ತಮ್ಮ ಬೆಕ್ಕು ಹೊರಗೆ ತಿರುಗಾಡುವುದರಿಂದ ಅದಕ್ಕೆ ಇದರ ಅಗತ್ಯವೇನು ಎಂದು ಕೇಳಿದರು. ಅಗತ್ಯವಿದೆ. ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊರಗೆ ಬೇಟೆಯಾಡುವ ಬೆಕ್ಕುಗಳ ಜೊತೆ ದಿನಕ್ಕೆ ಐದರಿಂದ ಹತ್ತು ನಿಮಿಷ ಆಡಿದ ಮನೆಗಳಲ್ಲಿ, ಅವು ಹಿಡಿದು ತರುವ ಪ್ರಾಣಿಗಳ ಸಂಖ್ಯೆ ನೂರಕ್ಕೆ 25ರಷ್ಟು ಇಳಿಯಿತು. ಕೆಂಚ ಎರಡು ವರ್ಷದಲ್ಲಿ ಹೊಸ್ತಿಲಿಗೆ ತಂದು ಹಾಕಿದ ಅಳಿಲುಗಳ ನೆನಪು ನನಗಿದೆ. ಆಗಲೇ ಈ ಹತ್ತು ನಿಮಿಷ ಕೊಟ್ಟಿದ್ದರೆ ಅವುಗಳಲ್ಲಿ ಕೆಲವಾದರೂ ಬದುಕುತ್ತಿದ್ದವು.

ಗೋಡೆಗೆ ಹತ್ತುವ ಹಲಗೆಗಳನ್ನು ಹಾಕುವ ಕೆಲಸ ಕೈಗೂಡಲಿಲ್ಲ. ನಮ್ಮದು ಮಣ್ಣಿನ ಗೋಡೆ, ಸ್ಕ್ರೂ ಹಿಡಿಯದು. ಒಂದು ಬ್ರಾಕೆಟ್ ಒಂದೇ ದಿನದಲ್ಲಿ ಕಿತ್ತು ಬಂತು. ಬೀರುವಿನ ಪಕ್ಕ ಎತ್ತರದ ಸ್ಟೂಲ್ ಇಟ್ಟು ಬಿಟ್ಟೆ.

ಜುಲೈ 24ರಿಂದ 27: ತಪ್ಪಿದ ಮೂರು ದಿನ

ಅರಸೀಕೆರೆಯಲ್ಲಿ ನಂಟರ ಮದುವೆ. ನಾನೂ ಮಗಳೂ ಮೂರು ದಿನ ಹೋಗಿದ್ದೆವು, ಅಮ್ಮ ಮನೆಯಲ್ಲಿದ್ದರು. ಊಟವನ್ನು ಅಳೆದು ಪೊಟ್ಟಣ ಕಟ್ಟಿಟ್ಟಿದ್ದೆ, ಆಟದ ವಿಷಯವನ್ನು ಮಾತ್ರ ಅಮ್ಮನಿಗೆ ಹೇಳಿಕೊಟ್ಟಿರಲಿಲ್ಲ. ಇಪ್ಪತ್ತೇಳರ ನಸುಕಿಗೆ ಕೆಂಚ ಅಮ್ಮನ ಸೀರೆಯ ಅಂಚಿಗೆ ಹಾರಿ ನೇತಾಡಿದ. ಹಲ್ಲು ತಾಗಲಿಲ್ಲ, ಆದರೆ ಅಮ್ಮ ನಡುಗಿಹೋದರು. ಆ ವಾರದ ಲೆಕ್ಕ 4. ನಾಲ್ಕೂ ಆಟ ತಪ್ಪಿದ ಮೇಲಿನವು. ಒಬ್ಬನ ಕೈಯನ್ನೇ ನಂಬಿದ ಕ್ರಮ ಅವನು ಊರಿಗೆ ಹೋದೊಡನೆ ಮುರಿಯುತ್ತದೆ ಎಂಬುದನ್ನು ನಾನು ಮೊದಲೇ ಯೋಚಿಸಬೇಕಿತ್ತು.

ಅಮ್ಮನಿಗೆ ನಿಂತು ಆಡಿಸಲು ಆಗದು. ಕುರ್ಚಿಯಲ್ಲಿ ಕುಳಿತು ಆಡಿಸುವಂತೆ 80 ಸೆಂ.ಮೀ. ಕೋಲು, 150 ಸೆಂ.ಮೀ. ಲಾಡಿ ಇರುವ ಇನ್ನೊಂದನ್ನು ಮಾಡಿಕೊಟ್ಟೆ. ಉಳಿದ ಬಿದಿರು, ಮನೆಯ ಲಾಡಿ, ಹೊಸ ಖರ್ಚಿಲ್ಲ. ಅವರ ಕಾಲಿಗೆ ದಪ್ಪ ಕಾಲುಚೀಲ, ಕಾಲು ಮಣೆಯ ಮೇಲೆ. ಮೊದಲ ದಿನ ಹೆದರಿ ಕೈ ಹಿಂದಕ್ಕೆ ಎಳೆದುಕೊಂಡರು. ಎರಡನೆಯ ದಿನ ಬತ್ತಿ ಹೊಸೆಯುವವರ ಹಾಗೆ ಬೆರಳ ತುದಿಯಲ್ಲೇ ಕೋಲನ್ನು ಮೆಲ್ಲಗೆ ಹೊರಳಿಸಿದರು. ಜಡೆಯ ತುದಿ ಮಾತ್ರ ಜಮಖಾನದ ಅಂಚಿನಲ್ಲಿ ನಡುಗಿ, ನಿಂತು, ಮತ್ತೆ ನಡುಗಿತು. ನನ್ನ ಯಾವ ಎಳೆತಕ್ಕೂ ಕೆಂಚ ಅಷ್ಟು ಹೊತ್ತು ಹೊಂಚು ಹಾಕಿ ಕುಳಿತದ್ದಿಲ್ಲ.

ಜುಲೈ 28ರಿಂದ ಆಗಸ್ಟ್ 11

ಒಂಬತ್ತನೆಯ ವಾರ 1. ಹತ್ತನೆಯ ವಾರ ಸೊನ್ನೆ. ಇಂದು ಬೆಳಿಗ್ಗೆ ಬುಟ್ಟಿಯಲ್ಲಿ ತೂಗಿದಾಗ 5.2 ಕೆ.ಜಿ. ಹತ್ತು ವಾರದಲ್ಲಿ 400 ಗ್ರಾಂ ಇಳಿದಿದೆ. ವೈದ್ಯರು ಇದೇ ವೇಗ ಸಾಕೆಂದರು. ನಸುಕಿನ 4.20ಕ್ಕೆ ಏಳುತ್ತಿದ್ದವನು ಈಗ 5.15ರವರೆಗೆ ಮಲಗುತ್ತಾನೆ.

ಖರ್ಚಿನ ಲೆಕ್ಕ: ಕೋಲು 90, ಜಮಖಾನದ ಅಂಟು 60, ಕಂಬ 1,408, ತಕ್ಕಡಿ 450. ಕೈಬಿಟ್ಟವು: ಪೈಪು 65, ಲೇಸರ್ 120, ಮೀನು 499, ಮೊದಲ ಕಂಬ 180. ಇವೆಲ್ಲ ಸೇರಿ 2,872. ದಾರದ ದೆಸೆಯಿಂದ 3,150. ಒಟ್ಟು 6,022 ರೂಪಾಯಿ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದು ರಾತ್ರಿ ಕೋಲನ್ನು ಎತ್ತಿಡದೆ ಮಲಗಿದ್ದರ ಬೆಲೆ.

ಕಂಬದ ಮಧ್ಯದಲ್ಲಿ, ನೆಲದಿಂದ 55 ಸೆಂ.ಮೀ. ಎತ್ತರದ ಹಗ್ಗ ಆಗಲೇ ಜಗ್ಗಿದೆ. ಆರು ಮೀಟರ್ ತಂದು ಆ ಇಪ್ಪತ್ತು ಸುತ್ತನ್ನು ಬದಲಿಸಬೇಕು. ಮಳೆ ಬಿಟ್ಟ ಮೇಲೆ ಮಾಡಿದರೆ ಅಂಟು ಬೇಗ ಹಿಡಿಯುತ್ತದೆ. ಗಡುವು ಇವತ್ತಿಗೆ ಮುಗಿಯಿತೆಂದು ಸಂಜೆ ಅಮ್ಮನಿಗೆ ನೆನಪಿಸಿದೆ. ಅವರು ಬೀರುವಿನಿಂದ ಚಿಕ್ಕ ಕೋಲನ್ನು ತೆಗೆಯುತ್ತಿದ್ದರು. "ಏಳೂವರೆ ಆಗ್ತಾ ಬಂತು, ಆ ಮಣೆ ಇತ್ತ ಸರಿಸಪ್ಪ" ಎಂದರು.